ಫೋನ್‌ನಲ್ಲಿ ರೋಗಿಗಳನ್ನು ನೋಡುತ್ತಿರುವ ಮನೋವೈದ್ಯರಿಗೆ

ಎಲ್ಲರಿಗೂ ನಮಸ್ಕಾರ. ಕೋವಿಡ್ ಕಾಲದಲ್ಲಿ ಫೋನ್‌ನಲ್ಲಿ ರೋಗಿಗಳನ್ನು ನೋಡುವುದು ಹೆಚ್ಚಾಯಿತು, ಅಲ್ವಾ? ಹಾಗಾಗಿ ಫೋನ್, ವಿಡಿಯೋ ಕಾಲ್‌ನಲ್ಲೂ ಕೆಲಸ ಸರಿಯಾಗಿ ಮಾಡೋಣ.

ಮೊದಲು "ಪಕ್ಕದಲ್ಲಿ ಯಾರಾದರೂ ಇದ್ದಾರಾ?" ಎಂದು ಕೇಳಿ. ಮನೆಮಂದಿಯ ಎದುರು ಹೊಡೆತದ ಬಗ್ಗೆ, ಸಾಯಬೇಕು ಅನಿಸುವುದರ ಬಗ್ಗೆ ಯಾರು ಬಾಯಿಬಿಡುತ್ತಾರೆ? ಯಾರಾದರೂ ಇದ್ದರೆ, ಹೌದು, ಇಲ್ಲ ಎಂದಷ್ಟೇ ಹೇಳಿದರೆ ಸಾಕಾಗುವ ಪ್ರಶ್ನೆಗಳನ್ನು ಕೇಳಿ. ಕಾಲ್ ಕಟ್ ಆದರೆ ಯಾರಿಗೆ ಫೋನ್ ಮಾಡಬೇಕು ಎಂಬುದನ್ನೂ ಬರೆದಿಟ್ಟುಕೊಳ್ಳಿ.

ರಕ್ತಪರೀಕ್ಷೆ ಮಾತ್ರ ಸುಮ್ನೆ ಮುಂದೂಡಬೇಡಿ. ನನಗೆ ಜಾಸ್ತಿ ಭಯ ಇರುವುದು ಇದರದ್ದೇ. ಕ್ಲೋಜಪಿನ್ (ಬಿಳಿ ರಕ್ತಕಣಗಳನ್ನು ಕಡಿಮೆ ಮಾಡಬಲ್ಲ ಮನೋರೋಗದ ಔಷಧಿ) ತೆಗೆದುಕೊಳ್ಳುವವರಿಗೆ ಜ್ವರ ಬಂದರೆ ಕೋವಿಡ್ ಎಂದುಕೊಂಡು ಬಿಡಬೇಡಿ, ಬಿಳಿ ರಕ್ತಕಣಗಳ ಎಣಿಕೆ ಮಾಡಿಸಲೇಬೇಕು. ವಾಂತಿ, ಭೇದಿಯಿಂದ ಮೈಯಲ್ಲಿ ನೀರು ಕಡಿಮೆಯಾದರೆ ರಕ್ತದಲ್ಲಿ ಲಿಥಿಯಂ (ಮನಸ್ಥಿತಿಯ ಏರಿಳಿತಕ್ಕೆ ಕೊಡುವ ಔಷಧಿ) ಮಟ್ಟ ಏರಬಹುದು. ತಿಂಗಳಿಗೊಮ್ಮೆ ಮನೋರೋಗದ ಇಂಜೆಕ್ಷನ್ ತೆಗೆದುಕೊಳ್ಳುವವರನ್ನು ಕರೆಸಿಯೇ ಕೊಡಿ.