‘ಇಂಪ್ರೆಷನಿಸ್ಟ್’ ಎಂದರೆ ‘ಪ್ರಭಾವವಾದಿ’ ಅಲ್ಲ

ಮಾನ್ಯ ಸಂಪಾದಕರೇ,

ತಮ್ಮ ಭಾನುವಾರದ ಪುರವಣಿಯ ಕಲಾ ಲೇಖನವೊಂದರಲ್ಲಿ ‘ಇಂಪ್ರೆಷನಿಸ್ಟ್’ ಪದವನ್ನು ‘ಪ್ರಭಾವವಾದಿ’ ಎಂದು ಕನ್ನಡಿಸಿದ್ದು ಓದಿ ಬೇಸರವಾಯಿತು. ಪ್ರಭಾವವೆಂದರೆ ಒಬ್ಬರು ಇನ್ನೊಬ್ಬರ ಮೇಲೆ ಬೀರುವಂಥದ್ದು. ಇಂಪ್ರೆಷನಿಸ್ಟರೆಂದು ಹೆಸರಾದ ಹತ್ತೊಂಬತ್ತನೆಯ ಶತಮಾನದ ಫ್ರಾನ್ಸಿನ ಚಿತ್ರಕಾರರಾದರೋ ಒಂದು ಗಳಿಗೆಯ ಬೆಳಕು ತಮ್ಮ ಕಣ್ಣಿಗೆ ಹೇಗೆ ಕಂಡಿತೋ ಹಾಗೆಯೇ ಅದನ್ನು ಹಿಡಿಯಲು ಹೊರಟವರು.

ಪದದ ಹುಟ್ಟನ್ನು ನೋಡಿದರೆ ಈ ವ್ಯತ್ಯಾಸ ಸ್ಪಷ್ಟವಾಗುತ್ತದೆ. 1874ರ ಏಪ್ರಿಲ್‌ನಲ್ಲಿ, ಪ್ಯಾರಿಸ್ಸಿನಲ್ಲಿ ಛಾಯಾಗ್ರಾಹಕ ನಾಡಾರ್ ಬಿಟ್ಟುಹೋಗಿದ್ದ ಸ್ಟುಡಿಯೋದಲ್ಲಿ ಸುಮಾರು ಮೂವತ್ತು ಕಲಾವಿದರು ಸರ್ಕಾರಿ ಪ್ರದರ್ಶನದ ಹಂಗಿಲ್ಲದೆ ತಮ್ಮದೇ ಪ್ರದರ್ಶನ ಏರ್ಪಡಿಸಿದರು. ಅದರಲ್ಲಿ ಕ್ಲಾಡ್ ಮೊನೆ ಲ ಹಾವ್ರ್ ಬಂದರನ್ನು ಬರೆದ ಚಿತ್ರವೊಂದಿತ್ತು. ಬೂದುನೀಲಿ ಮಂಜು, ಅದರೊಳಗೆ ಕಿತ್ತಳೆ ಬಣ್ಣದ ಪುಟ್ಟ ಸೂರ್ಯ, ನೀರಿನ ಮೇಲೆ ಕುಂಚದಿಂದ ಅಡ್ಡಡ್ಡ ಎಳೆದ ನಾಲ್ಕಾರು ಗೀಟುಗಳಲ್ಲಿ ಅದರ ಪ್ರತಿಬಿಂಬ. ಪ್ರದರ್ಶನದ ಪಟ್ಟಿಗೆ ಹೆಸರು ಕೇಳಿದಾಗ, ಇದನ್ನು ಲ ಹಾವ್ರ್‌ನ ನೋಟವೆನ್ನಲು ಸಾಧ್ಯವಿಲ್ಲವೆನಿಸಿ ‘ಇಂಪ್ರೆಷನ್ (ಮನಸ್ಸಿನಲ್ಲಿ ಮೂಡಿದ ಅಚ್ಚು) ಎಂದು ಬರೆದುಕೊಳ್ಳಿ’ ಎಂದೆನೆಂದು ಮೊನೆ ಮುಂದೆ ನೆನಪಿಸಿಕೊಂಡಿದ್ದಾನೆ. ಆ ಮಾತನ್ನೇ ಹಿಡಿದು ಲೂಯಿ ಲೆರ್ವಾ ಎಂಬ ವಿಮರ್ಶಕ ‘ಲ ಶಾರಿವಾರಿ’ ಪತ್ರಿಕೆಯಲ್ಲಿ ‘ಇಂಪ್ರೆಷನಿಸ್ಟರ ಪ್ರದರ್ಶನ’ ಎಂಬ ತಲೆಬರಹ ಕೊಟ್ಟು ಇಡೀ ಗುಂಪನ್ನು ಗೇಲಿ ಮಾಡಿದ. ಇನ್ನೂ ಪೂರ್ತಿ ತಯಾರಾಗದ ಗೋಡೆಕಾಗದವೂ ಈ ಕಡಲಚಿತ್ರಕ್ಕಿಂತ ಅಚ್ಚುಕಟ್ಟಾಗಿರುತ್ತದೆ ಎಂದು ತನ್ನ ಲೇಖನದ ಪಾತ್ರವೊಂದರ ಬಾಯಲ್ಲಿ ಹೇಳಿಸಿದ. ಹಂಗಿಸಲು ಇಟ್ಟ ಆ ಹೆಸರನ್ನು 1877ರ ಮೂರನೆಯ ಪ್ರದರ್ಶನದ ಹೊತ್ತಿಗೆ ಕಲಾವಿದರೇ ತಮ್ಮದಾಗಿಸಿಕೊಂಡರು. ಅದೇ ಗುಂಪಿನ ಚಿತ್ರಕಾರ ದೇಗಾನಿಗೆ ಮಾತ್ರ ಅದು ಕೊನೆಗೂ ಹಿಡಿಸಲಿಲ್ಲ.

ಈ ಪದದ ಲ್ಯಾಟಿನ್ ಬೇರಿನ ಅರ್ಥ ಒತ್ತುವುದು, ಮೇಣದ ಮೇಲೆ ಮುದ್ರೆ ಒತ್ತಿದ ಹಾಗೆ. ‘ಮನಸ್ಸಿನಲ್ಲಿ ಅಚ್ಚೊತ್ತಿದೆ’ ಎಂದು ನಾವು ದಿನವೂ ಹೇಳುವಾಗ ಇದೇ ಕಲ್ಪನೆಯನ್ನು ಬಳಸುತ್ತೇವೆ. ಇಂಥ ಮಾತು ನಮ್ಮಲ್ಲೇ ಇರುವಾಗ ‘ಪ್ರಭಾವ’ಕ್ಕೆ ಏಕೆ ಕೈಚಾಚಬೇಕೋ ತಿಳಿಯದು. ಗಣ್ಯರ ದನಿ, ಹಾವಭಾವಗಳನ್ನು ಅನುಕರಿಸಿ ರಂಜಿಸುವ ಮಿಮಿಕ್ರಿ ಕಲಾವಿದರನ್ನೂ ಇಂಗ್ಲಿಷಿನಲ್ಲಿ ಇದೇ ಪದದಿಂದ ಕರೆಯುತ್ತಾರೆ. ಅಲ್ಲಿಯಂತೂ ‘ಪ್ರಭಾವವಾದಿ’ ಎಂಬುದು ಅಪಾರ್ಥಕ್ಕೇ ದಾರಿ.

ಆದ್ದರಿಂದ ಚಿತ್ರಕಲೆಯ ಸಂದರ್ಭದಲ್ಲಿ ‘ಇಂಪ್ರೆಷನಿಸ್ಟ್’ ಎಂದೇ ಉಳಿಸಿಕೊಂಡು, ಮೊದಲ ಬಾರಿ ಬಳಸುವಾಗ ಅದರ ಅರ್ಥವನ್ನು ಒಂದು ವಾಕ್ಯದಲ್ಲಿ ಬಿಡಿಸಿ ಹೇಳಬೇಕೆಂದು ತಮ್ಮ ಸಂಪಾದಕೀಯ ಬಳಗವನ್ನು ಕೋರುತ್ತೇನೆ.

ಇಂತಿ,
ತಮ್ಮ ಓದುಗ