ಕಡಲತೀರದ ನಡಿಗೆಗೆ ಬರುವವರ ಗಮನಕ್ಕೆ

ಎಲ್ಲರಿಗೂ ನಮಸ್ಕಾರ. ಭಾನುವಾರ ಕರಾವಳಿಯ ಸಂರಕ್ಷಿತ ಪ್ರದೇಶಕ್ಕೆ ಹೊರಡುವ ಮುನ್ನ ಆ ದಿನದ ಉಬ್ಬರವಿಳಿತದ ವೇಳೆಯನ್ನು ನೋಡಿಕೊಳ್ಳಿ. ಉಬ್ಬರ ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತಾ ಹೋಗುತ್ತದೆ; ವಾರದ ಹಿಂದೆ ಇಳಿತವಿದ್ದ ಹೊತ್ತಿಗೆ ಈಗ ಉಬ್ಬರವಿರಬಹುದು. ಬಂಡೆಗಳಾಚೆ ಹೋದವರಿಗೆ ಮರಳುವ ದಾರಿಯೇ ಮುಚ್ಚೀತು. ಆದ್ದರಿಂದ ಇಳಿತ ಶುರುವಾದ ಮೇಲೆಯೇ ಮರಳಿಗೆ ಇಳಿಯೋಣ.

ಗುರುತು ಮಾಡಿದ ಕಾಲುದಾರಿ ಬಿಟ್ಟು ಮರಳುದಿಬ್ಬ ಹತ್ತಬೇಡಿ. ದಿಬ್ಬವನ್ನು ಹಿಡಿದಿಟ್ಟಿರುವುದೇ ಅಲ್ಲಿನ ಹುಲ್ಲು, ಬಳ್ಳಿಗಳ ಬೇರು. ಕೆಲವು ಹಕ್ಕಿಗಳು ಬರಿಯ ಮರಳಿನಲ್ಲೇ ಮೊಟ್ಟೆಯಿಡುತ್ತವೆ. ಮೊಟ್ಟೆಯ ಬಣ್ಣ ಮರಳಿನಲ್ಲಿ ಬೆರೆತುಹೋಗುವುದರಿಂದ ತುಳಿದದ್ದೂ ತಿಳಿಯುವುದಿಲ್ಲ. (ಫೋಟೊ ತೆಗೆಯುವವರಿಗೆ ಇದನ್ನು ಎರಡೆರಡು ಸಲ ಹೇಳಬೇಕು!) ನಾಯಿಯನ್ನು ಮನೆಯಲ್ಲೇ ಬಿಟ್ಟು ಬನ್ನಿ. ಕುಡಿಯುವ ನೀರು, ಟೋಪಿ ಇರಲಿ. ಕಸ ನಿಮ್ಮ ಚೀಲದಲ್ಲೇ ವಾಪಸು ಬರಲಿ.

ಬರುವವರು ಶುಕ್ರವಾರ ಸಂಜೆಯೊಳಗೆ ಇಲ್ಲೇ ಹೆಸರು ತಿಳಿಸಿ.