ಅಳೆಯುವ ಸಾಧನವನ್ನೇ ಅಳೆಯಲು ಕಲಿಸಬೇಕು

ಸಂಪಾದಕರಿಗೆ,

ಮಾನ್ಯರೇ,

ಸೆಮಿಕಂಡಕ್ಟರ್ ಉದ್ಯಮಕ್ಕೆ ತಕ್ಕ ಎಂಜಿನಿಯರುಗಳನ್ನು ತಯಾರು ಮಾಡಬೇಕೆಂಬ ಮಾತು ಕೆಲವು ವರ್ಷಗಳಿಂದ ಎಲ್ಲೆಡೆ ಕೇಳಿಬರುತ್ತಿದೆ. ಕೇಂದ್ರ ಸರ್ಕಾರ 2021ರ ಡಿಸೆಂಬರ್‌ನಲ್ಲಿ ₹76,000 ಕೋಟಿಯ ಯೋಜನೆಗೆ ಒಪ್ಪಿಗೆ ಕೊಟ್ಟ ಮೇಲೆ ಚಿಪ್ ವಿನ್ಯಾಸದ ಕೋರ್ಸುಗಳು ಕಾಲೇಜುಗಳಲ್ಲಿ ಒಂದರ ಹಿಂದೆ ಒಂದರಂತೆ ಆರಂಭವಾಗಿವೆ. ಆದರೆ ಆ ಯೋಜನೆಯಡಿ ಗುಜರಾತಿನ ಸಾಣಂದ್‌ಗೂ ಅಸ್ಸಾಮಿನ ಜಾಗಿರೋಡ್‌ಗೂ ಬಂದ ದೊಡ್ಡ ಘಟಕಗಳ ಕೆಲಸ ಚಿಪ್‌ಗಳನ್ನು ಜೋಡಿಸಿ ಪರೀಕ್ಷಿಸುವುದು. ಈ ಪರೀಕ್ಷಿಸುವ ವಿದ್ಯೆಯನ್ನು, ಅದಕ್ಕೆ ತಳಹದಿಯಾದ ಎಲೆಕ್ಟ್ರಾನಿಕ್ ಮಾಪನವನ್ನು, ನಮ್ಮ ಎಂಜಿನಿಯರಿಂಗ್ ಕಾಲೇಜುಗಳು ಹೇಗೆ ಕಲಿಸುತ್ತಿವೆ ಎಂಬುದರ ಬಗ್ಗೆ, ಎಲೆಕ್ಟ್ರಾನಿಕ್ಸ್ ಪ್ರಯೋಗಾಲಯಗಳಲ್ಲಿ ಪಾಠ ಹೇಳುವವನಾಗಿಯೂ ಬೇರೆ ಕಾಲೇಜುಗಳಿಗೆ ಪರೀಕ್ಷಕನಾಗಿ ಹೋಗುವವನಾಗಿಯೂ ಕೆಲವು ಮಾತುಗಳನ್ನು ಓದುಗರ ಮುಂದಿಡಬಯಸುತ್ತೇನೆ.

ಹಾಲಿನ ಡೇರಿಯ ಎಲೆಕ್ಟ್ರಾನಿಕ್ ತಕ್ಕಡಿ, ಮನೆಯ ಗೋಡೆಯ ಮೇಲಿನ ವಿದ್ಯುತ್ ಮೀಟರ್, ಔಷಧಿ ಅಂಗಡಿಯಲ್ಲಿ ಕೊಳ್ಳುವ ಬಿಪಿ ಯಂತ್ರ, ಇವೆಲ್ಲವುಗಳ ಒಳಗೂ ಅನಲಾಗ್-ಡಿಜಿಟಲ್ ಪರಿವರ್ತಕ, ಅಂದರೆ ಎಡಿಸಿ, ಇರುತ್ತದೆ. ಸೆನ್ಸರಿನಿಂದ ಬರುವ ವೋಲ್ಟೇಜು ನಿರಂತರವಾಗಿ ಏರಿಳಿಯುವಂಥದು. ಎಡಿಸಿ ಅದನ್ನು ಏಣಿಯ ಮೆಟ್ಟಿಲುಗಳಂತೆ ಬಿಡಿಬಿಡಿಯಾದ ಸಂಖ್ಯೆಗಳನ್ನಾಗಿ ಮಾಡುತ್ತದೆ. ಎಂಟು ಬಿಟ್‌ನ ಎಡಿಸಿಗೆ 256 ಮೆಟ್ಟಿಲು, ಹತ್ತು ಬಿಟ್‌ನದಕ್ಕೆ 1024, ಹನ್ನೆರಡು ಬಿಟ್‌ನದಕ್ಕೆ 4096. ಮೆಟ್ಟಿಲುಗಳೆಲ್ಲ ಒಂದೇ ಎತ್ತರದವೇ, ಏಣಿಯ ಬುಡ ಸೊನ್ನೆಯಲ್ಲೇ ಇದೆಯೇ, ನಡುವೆ ಯಾವುದಾದರೂ ಮೆಟ್ಟಿಲು ಕಾಣೆಯಾಗಿದೆಯೇ ಎಂದು ನೋಡುವುದೇ ಎಡಿಸಿ ಪರೀಕ್ಷೆ. ತಕ್ಕಡಿಗೆ ಮುದ್ರೆ ಹಾಕಿಸಬೇಕೆಂದು 2009ರ ಕಾನೂನುಬದ್ಧ ಮಾಪನಶಾಸ್ತ್ರ ಕಾಯ್ದೆ ಹೇಳುತ್ತದೆ. ತಕ್ಕಡಿಯ ಒಳಗಿನ ಈ ಭಾಗ ಎಷ್ಟು ನಂಬಿಕೆಗೆ ಅರ್ಹ ಎಂದು ಅಳೆದು ಹೇಳಬಲ್ಲ ಎಂಜಿನಿಯರನ್ನು ತಯಾರು ಮಾಡಬೇಕಾದದ್ದು ಕಾಲೇಜಿನ ಕೆಲಸ.

ಈಗ ನಡೆಯುತ್ತಿರುವುದೇನು? ಒಂದು ಕಾಲದಲ್ಲಿ ಎಡಿಸಿ 0804 ಎಂಬ ಎಂಟು ಬಿಟ್‌ನ ಐಸಿಯನ್ನು ಬ್ರೆಡ್‌ಬೋರ್ಡಿಗೆ ಚುಚ್ಚಿ, ಪೊಟೆನ್ಶಿಯೊಮೀಟರ್ ತಿರುಗಿಸಿ, ಎಲ್‌ಇಡಿಗಳು ಹೊತ್ತಿದ್ದನ್ನು ಕೋಷ್ಟಕದಲ್ಲಿ ಬರೆದರೆ ಪ್ರಯೋಗ ಮುಗಿಯುತ್ತಿತ್ತು. ಈಗ ಅದರ ಜಾಗಕ್ಕೆ, ಹತ್ತು ಬಿಟ್‌ನ ಎಡಿಸಿಯನ್ನು ಒಳಗೇ ಇಟ್ಟುಕೊಂಡ ಆರ್ಡುಯಿನೊ ಎಂಬ ಪುಟ್ಟ ಕಂಪ್ಯೂಟರ್ ಬೋರ್ಡು ಬಂದಿದೆ. ಉಷ್ಣತೆ ಅಳೆಯುವ ಎಲ್‌ಎಂ35 ಸೆನ್ಸರನ್ನು ಅದಕ್ಕೆ ಜೋಡಿಸಿದ ವಿದ್ಯಾರ್ಥಿ, ಕೊಠಡಿಯ ಉಷ್ಣತೆ 27.34 ಡಿಗ್ರಿ ಎಂದು ರೆಕಾರ್ಡ್ ಪುಸ್ತಕದಲ್ಲಿ ಬರೆಯುತ್ತಾನೆ. ಎಲ್‌ಎಂ35 ಒಂದು ಡಿಗ್ರಿಗೆ 10 ಮಿಲಿವೋಲ್ಟ್ ಕೊಡುತ್ತದೆ. 5 ವೋಲ್ಟನ್ನು 1024 ಭಾಗ ಮಾಡಿದರೆ ಒಂದು ಮೆಟ್ಟಿಲು 4.88 ಮಿಲಿವೋಲ್ಟ್, ಅಂದರೆ ಸುಮಾರು ಅರ್ಧ ಡಿಗ್ರಿ. ಹಾಗಾಗಿ 27.34ರ ನಂತರ ಆ ಪರದೆಯ ಮೇಲೆ ಬರಬಲ್ಲ ಸಂಖ್ಯೆ 27.83; ನಡುವೆ ಏನೂ ಇಲ್ಲ. ದಶಮಾಂಶ ಬಿಂದುವಿನ ಮುಂದಿನ ಎರಡು ಅಂಕಿಗಳು ಲೆಕ್ಕದಿಂದ ಹುಟ್ಟಿದವೇ ಹೊರತು ಅಳತೆಯಿಂದ ಬಂದವಲ್ಲ. ವೈವಾದಲ್ಲಿ ಇದನ್ನು ಕೇಳಿದರೆ ಹೆಚ್ಚಿನ ವಿದ್ಯಾರ್ಥಿಗಳು ಮೌನವಾಗುತ್ತಾರೆ. ಅವರನ್ನು ದೂರುವುದರಲ್ಲಿ ಅರ್ಥವಿಲ್ಲ. ಅದನ್ನು ಯೋಚಿಸುವಂತೆ ಮಾಡುವ ಪ್ರಶ್ನೆ ಲ್ಯಾಬ್ ಮ್ಯಾನುಯಲ್‌ನಲ್ಲಿ ಇರುವುದೇ ಇಲ್ಲ.

ಇನ್ನು ಆ 5 ವೋಲ್ಟ್ ನಿಜವಾಗಿಯೂ 5 ವೋಲ್ಟೇ? ಆರ್ಡುಯಿನೊ ಊನೊ ಬೋರ್ಡನ್ನು ಯುಎಸ್‌ಬಿ ತಂತಿಯಿಂದ ನಡೆಸಿದಾಗ ಎಡಿಸಿ ತನ್ನ ಅಳತೆಗೋಲಾಗಿ ಬಳಸುವುದು ಆ ಯುಎಸ್‌ಬಿ ವೋಲ್ಟೇಜನ್ನೇ. ಅದು 4.8 ವೋಲ್ಟ್‌ಗೆ ಇಳಿದಿದ್ದರೆ, 2.5 ವೋಲ್ಟ್ ಕೊಟ್ಟಾಗ 512 ಬರಬೇಕಾದ ಕಡೆ 533 ಬರುತ್ತದೆ. ಪ್ರೋಗ್ರಾಮಿನಲ್ಲಿ 5 ಎಂದು ಬರೆದುಕೊಂಡ ವಿದ್ಯಾರ್ಥಿಗೆ ಅದು 2.6 ವೋಲ್ಟಾಗಿ ಕಾಣುತ್ತದೆ. ಹತ್ತು ಬಿಟ್‌ನ ಸೂಕ್ಷ್ಮತೆ ಎಂದು ಬೀಗಿದ ಸಾಧನದಲ್ಲಿ 21 ಮೆಟ್ಟಿಲುಗಳ ತಪ್ಪು! ಚಿಪ್‌ನ ಒಳಗಿರುವ 1.1 ವೋಲ್ಟ್‌ನ ಆಧಾರವನ್ನು ಬಳಸಬಹುದು. ಆದರೆ ಅದು 1.0ರಿಂದ 1.2ರವರೆಗೆ ಎಲ್ಲಿಯಾದರೂ ಇರಬಹುದೆಂದು ತಯಾರಕರ ಡೇಟಾಶೀಟೇ ಹೇಳುತ್ತದೆ. ಅದನ್ನೂ ಒಂದು ಒಳ್ಳೆಯ ಮಲ್ಟಿಮೀಟರಿನಿಂದ ಅಳೆದುಕೊಳ್ಳಬೇಕು. ಆ ಮಲ್ಟಿಮೀಟರ್ ಸರಿಯಿದೆಯೆಂದು ಹೇಳುವವರು ಯಾರು ಎಂಬ ಪ್ರಶ್ನೆ ಆಗ ತಾನಾಗಿಯೇ ಏಳುತ್ತದೆ. ಒಂದೊಂದು ಸಾಧನವನ್ನೂ ಅದಕ್ಕಿಂತ ನಿಖರವಾದ ಇನ್ನೊಂದರೊಡನೆ ಹೋಲಿಸಿ ನೋಡುವ ಈ ಕ್ಯಾಲಿಬ್ರೇಷನ್ ಸರಪಳಿಯನ್ನು ಕಪ್ಪು ಹಲಗೆಯ ಮೇಲೆ ಚಿತ್ರ ಬರೆದು ವಿವರಿಸುವುದಕ್ಕಿಂತ, ವಿದ್ಯಾರ್ಥಿಯನ್ನು ಈ ಪ್ರಶ್ನೆಗೆ ತಂದು ನಿಲ್ಲಿಸುವುದು ಮೇಲೆಂದು ನನ್ನ ಅಭಿಪ್ರಾಯ.

ನನ್ನ ಸಲಹೆ ಇಷ್ಟೇ: ಲ್ಯಾಬಿನಲ್ಲಿ ಸೂತ್ರವನ್ನು ತಾಳೆ ನೋಡುವ ಮೂರು ನಾಲ್ಕು ಚಿಕ್ಕ ಪ್ರಯೋಗಗಳನ್ನು ಕೈಬಿಟ್ಟು, ಆ ವಾರಗಳನ್ನೆಲ್ಲ ಒಂದೇ ಎಡಿಸಿಯ ಪೂರ್ಣ ಪರೀಕ್ಷೆಗೆ ಕೊಡಬೇಕು. ವಿಧಾನಗಳು ಹೊಸವಲ್ಲ. ಸೈನ್ ತರಂಗವನ್ನು ಕೊಟ್ಟು, ಪ್ರತಿಯೊಂದು ಕೋಡ್ (ಎಡಿಸಿ ಕೊಡುವ ಸಂಖ್ಯೆ) ಎಷ್ಟು ಬಾರಿ ಬಂತೆಂದು ಎಣಿಸಿ, ಮೆಟ್ಟಿಲುಗಳ ಅಗಲವನ್ನು ಕಂಡುಹಿಡಿಯುವ ಹಿಸ್ಟೋಗ್ರಾಮ್ ವಿಧಾನವನ್ನು ಡೊರ್ನ್‌ಬರ್ಗ್, ಲೀ ಮತ್ತು ಹಾಜಸ್ 1984ರಲ್ಲೇ ವಿವರವಾಗಿ ಬರೆದಿದ್ದಾರೆ. ಎಂಜಿನಿಯರುಗಳ ಅಂತರರಾಷ್ಟ್ರೀಯ ಸಂಸ್ಥೆಯಾದ ಐಇಇಇಯ, ಎಡಿಸಿ ಪರೀಕ್ಷೆಗೆಂದೇ ಇರುವ 1241ನೇ ಮಾನದಂಡ 2000ದಲ್ಲಿ ಬಂದು, 2010ರಲ್ಲಿ ಪರಿಷ್ಕರಣೆಯಾಗಿದೆ. ಸೈನ್ ತರಂಗ ತನ್ನ ತುದಿಗಳ ಬಳಿ ಹೆಚ್ಚು ಹೊತ್ತು ನಿಲ್ಲುವುದರಿಂದ ಅಂಚಿನ ಕೋಡ್‌ಗಳು ಹೆಚ್ಚು ಬಾರಿ, ನಡುವಿನವು ಕಡಿಮೆ ಬಾರಿ ಬರಬೇಕು. ಹೀಗೆ ಬರಬೇಕಾದ ಎಣಿಕೆಗೂ ಬಂದ ಎಣಿಕೆಗೂ ಇರುವ ಅಂತರವೇ ಆ ಮೆಟ್ಟಿಲಿನ ದೋಷ. ಒಂದು ಕೋಡ್ ಸರಾಸರಿ 100 ಬಾರಿ ಬರಲೆಂದು ಒಂದು ಲಕ್ಷ ಸ್ಯಾಂಪಲ್‌ಗಳನ್ನು, ಅಂದರೆ ಬಿಡಿ ಅಳತೆಗಳನ್ನು, ಸಂಗ್ರಹಿಸಿದರೂ, 90 ಅಥವಾ 110 ಬಾರಿ ಬಂದದ್ದು ಎಡಿಸಿಯ ದೋಷವೋ ಬರಿಯ ಆಕಸ್ಮಿಕವೋ ಎಂದು ತೀರ್ಮಾನಿಸಬೇಕಾಗುತ್ತದೆ. ಗಣಿತ ವಿಭಾಗದವರು ಕಲಿಸಿ, ಪರೀಕ್ಷೆಯ ಮರುದಿನ ಎಲ್ಲರೂ ಮರೆತ ಸಂಖ್ಯಾಶಾಸ್ತ್ರಕ್ಕೆ ಇಲ್ಲಿ ಕೆಲಸ ಸಿಗುತ್ತದೆ. (ಈ ಎಣಿಕೆಯನ್ನು ಊನೊದ ಒಳಗೇ ಇಟ್ಟುಕೊಳ್ಳುತ್ತೇವೆಂದು ಹೊರಟವರಿಗೆ ಇನ್ನೊಂದು ಪಾಠ ಕಾದಿದೆ: ಒಂದು ಕೋಡಿಗೆ ಎರಡು ಬೈಟ್‌ನಂತೆ 1024 ಕೋಡ್‌ಗಳಿಗೆ 2048 ಬೈಟ್ ಬೇಕು, ಆ ಚಿಪ್‌ನ ಒಟ್ಟು ರ‍್ಯಾಮ್ ಇರುವುದೇ ಅಷ್ಟು.)

ಹಿಸ್ಟೋಗ್ರಾಮ್ ಮುಗಿದ ಮೇಲೆ, ಸಿಗ್ನಲಿನಲ್ಲಿ ಯಾವ ಯಾವ ಆವರ್ತನಗಳು ಎಷ್ಟೆಷ್ಟಿವೆ ಎಂದು ನೋಡುವ ಸ್ಪೆಕ್ಟ್ರಮ್ ಪರೀಕ್ಷೆ. ಆದರ್ಶ ಎಡಿಸಿಯೊಂದರ ಸಿಗ್ನಲ್-ನಾಯ್ಸ್ ಅನುಪಾತ, ಅಂದರೆ ಬೇಕಾದ ಸಿಗ್ನಲ್ ಬೇಡದ ಗದ್ದಲಕ್ಕಿಂತ ಎಷ್ಟು ಮೇಲಿದೆ ಎಂಬುದು, ಬಿಟ್‌ಗಳ ಸಂಖ್ಯೆಯ 6.02 ಪಟ್ಟಿಗೆ 1.76 ಡೆಸಿಬಲ್ ಕೂಡಿಸಿದಷ್ಟು. ಹತ್ತು ಬಿಟ್‌ಗೆ ಸುಮಾರು 62 ಡೆಸಿಬಲ್. ಈ ಸೂತ್ರ ನಮ್ಮ ಎಲ್ಲ ವಿದ್ಯಾರ್ಥಿಗಳಿಗೂ ಬಾಯಿಪಾಠ. ಅಳೆದಾಗ, ವಿರೂಪವೂ ಸೇರಿ, 56 ಡೆಸಿಬಲ್ ಬಂದರೆ ಕೈಗೆ ಸಿಕ್ಕಿದ್ದು ಒಂಬತ್ತೇ ಬಿಟ್ ಎಂಬುದನ್ನು ಮಾತ್ರ ಅವರು ಎಂದೂ ಕಂಡಿರುವುದಿಲ್ಲ. ಅಳೆಯಲು ಹೊರಟ ಕೂಡಲೇ ಅಡಚಣೆಗಳು ಶುರುವಾಗುತ್ತವೆ. ಲ್ಯಾಬಿನ ಹಳೆಯ ಫಂಕ್ಷನ್ ಜನರೇಟರಿನ ಸೈನ್ ತರಂಗದಲ್ಲಿ ಶೇ 1ರಷ್ಟು ವಿರೂಪವಿದ್ದರೆ 40 ಡೆಸಿಬಲ್‌ಗಿಂತ ಮೇಲಿನ ಫಲಿತಾಂಶ ಬರಲು ಸಾಧ್ಯವೇ ಇಲ್ಲ. ಆಗ ಅಳತೆಗೆ ಸಿಕ್ಕಿದ್ದು ಜನರೇಟರೇ ಹೊರತು ಎಡಿಸಿಯಲ್ಲ. ಅದಕ್ಕೆ ಫಿಲ್ಟರ್ ಕಟ್ಟಬೇಕು, ಇಲ್ಲವೇ ಲ್ಯಾಪ್‌ಟಾಪಿನ ಆಡಿಯೊ ಔಟ್‌ಪುಟ್ಟನ್ನು ಒಂದು ಕೆಪಾಸಿಟರ್, ಎರಡು ರೆಸಿಸ್ಟರುಗಳ ಮೂಲಕ ತಂದು ನೋಡಬೇಕು. ದಾಖಲೆಯಲ್ಲಿ ಪೂರ್ಣ ಸಂಖ್ಯೆಯ ಆವರ್ತಗಳು ಕೂರುವಂತೆ, 4096 ಸ್ಯಾಂಪಲ್‌ಗಳಿಗೆ 101 ಆವರ್ತ ಎಂದು ಲೆಕ್ಕ ಹಾಕಿ, ಸೆಕೆಂಡಿಗೆ ಸುಮಾರು 9615 ಸ್ಯಾಂಪಲ್ ತೆಗೆಯುವ ಊನೊಗೆ 237.1 ಹರ್ಟ್ಸ್ ಕೊಟ್ಟರೂ, ಆ ಬೋರ್ಡಿನ ಗಡಿಯಾರ ಅಷ್ಟೇನೂ ನಿಖರವಲ್ಲದ ಸೆರಾಮಿಕ್ ರೆಸೊನೇಟರಿನದಾದ್ದರಿಂದ ಆವರ್ತಗಳು ಪೂರ್ಣವಾಗಿ ಕೂರುವುದಿಲ್ಲ. ಸ್ಪೆಕ್ಟ್ರಮ್ ಎರಡೂ ಬದಿಗೆ ಹರಡಿಕೊಳ್ಳುತ್ತದೆ. ಈ ಹರಡುವಿಕೆಯನ್ನು ತಗ್ಗಿಸುವ ವಿಂಡೋ ಫಂಕ್ಷನ್ ಏಕೆ ಬೇಕೆಂದು ಡಿಎಸ್‌ಪಿ (ಡಿಜಿಟಲ್ ಸಿಗ್ನಲ್ ಸಂಸ್ಕರಣೆ) ತರಗತಿಯಲ್ಲಿ ಹೇಳಿಸಿಕೊಂಡದ್ದಕ್ಕಿಂತ ಇಲ್ಲಿ ಒಂದೇ ಮಧ್ಯಾಹ್ನದಲ್ಲಿ ಹೆಚ್ಚು ತಿಳಿಯುತ್ತದೆ. ವೇಗದ ಎಡಿಸಿಗಳ ಕಡೆ ಹೋದವರಿಗೆ ಕಾಲದ ಅಲುಗಾಟವೇ ದೊಡ್ಡ ಶತ್ರು: 1 ಮೆಗಾಹರ್ಟ್ಸ್ ಸಿಗ್ನಲನ್ನು 1 ನ್ಯಾನೊಸೆಕೆಂಡಿನ ಅಲುಗಾಟವಿರುವ ಗಡಿಯಾರದಿಂದ ಹಿಡಿದರೆ, ಎಡಿಸಿ ಎಷ್ಟೇ ಬಿಟ್‌ನದಾಗಿರಲಿ, ಸಿಗುವುದು 44 ಡೆಸಿಬಲ್, ಅಂದರೆ ಏಳು ಬಿಟ್.

ಇಂಥ ಪ್ರಯೋಗಕ್ಕೆ ನಿಜವಾದ ಅಡ್ಡಿ ಹಣವಲ್ಲ, ನಮ್ಮ ಪ್ರಾಯೋಗಿಕ ಪರೀಕ್ಷೆಯ ಪದ್ಧತಿ. ಮೂರು ಗಂಟೆಯೊಳಗೆ ಮ್ಯಾನುಯಲ್‌ನಲ್ಲಿರುವ ಗ್ರಾಫ್ ಬಂದರೆ ಪೂರ್ಣ ಅಂಕ, ಬರದಿದ್ದರೆ ಇಲ್ಲ. ಹಾಗಿರುವಾಗ ಬಂದ ರೀಡಿಂಗನ್ನು ಬರೆಯುವವನಿಗಿಂತ ಬರಬೇಕಾದ ರೀಡಿಂಗನ್ನು ಬರೆಯುವವನು ಜಾಣನೆನಿಸಿಕೊಳ್ಳುತ್ತಾನೆ. ಮಾಪನದ ವಿಷಯದಲ್ಲಿ ಇದಕ್ಕಿಂತ ಕೆಟ್ಟ ಶಿಕ್ಷಣ ಬೇರೆ ಇರಲಾರದು. ಎಡಿಸಿ ಪರೀಕ್ಷೆಯಲ್ಲಿ ಈ ಜಾಣತನ ನಡೆಯುವುದು ಕಷ್ಟ. ಪ್ರತಿಯೊಂದು ಚಿಪ್‌ನ ದೋಷದ ಗ್ರಾಫ್ ಬೇರೆ, ಪಕ್ಕದ ಬೆಂಚಿನಿಂದ ನಕಲು ಮಾಡಿದರೆ ಕೂಡಲೇ ತಿಳಿಯುತ್ತದೆ. ಅಂಕ ಕೊಡಬೇಕಾದದ್ದು ಫಲಿತಾಂಶಕ್ಕಲ್ಲ, ಆ ಫಲಿತಾಂಶವನ್ನು ಎಷ್ಟರ ಮಟ್ಟಿಗೆ ನಂಬಬಹುದು ಮತ್ತು ಏಕೆ ಎಂದು ವಿದ್ಯಾರ್ಥಿ ಬರೆಯುವ ಒಂದು ಪುಟಕ್ಕೆ. ಆ ಪುಟವನ್ನು ಓದಿ ಅಂಕ ಹಾಕಲು ಅಧ್ಯಾಪಕನಿಗೂ ಸಮಯ ಬೇಕು, ಸ್ವಲ್ಪ ತಯಾರಿಯೂ ಬೇಕು. ಎಪ್ಪತ್ತು ಎಂಬತ್ತು ರೆಕಾರ್ಡ್ ಪುಸ್ತಕಗಳಿಗೆ ಒಂದೇ ಸಂಜೆ ಸಹಿ ಹಾಕುವ ಈಗಿನ ಕ್ರಮದಲ್ಲಿ ಅದು ಆಗದ ಮಾತು ಎಂಬುದನ್ನೂ ಒಪ್ಪಲೇಬೇಕು.

ಸಿಮ್ಯುಲೇಷನ್ ಇದೆಯಲ್ಲ, ಇಷ್ಟೆಲ್ಲ ಏಕೆ ಎನ್ನುವ ಸಹೋದ್ಯೋಗಿಗಳಿದ್ದಾರೆ. ಸಿಮ್ಯುಲೇಷನ್ನಿನಲ್ಲಿ ನಾವು ಹಾಕಿದ ದೋಷ ಮಾತ್ರ ಹೊರಗೆ ಬರುತ್ತದೆ. ಬ್ರೆಡ್‌ಬೋರ್ಡಿನ ಸಡಿಲ ತಂತಿ, 50 ಹರ್ಟ್ಸ್‌ನ ಗುಂಯ್‌ಗುಟ್ಟುವಿಕೆ, ಪಕ್ಕದ ಮೇಜಿನ ಮೋಟಾರ್ ಚಾಲೂ ಆದಾಗ ಕುಣಿಯುವ ಕೊನೆಯ ಬಿಟ್‌ಗಳು ಅದರಲ್ಲಿ ಇರುವುದಿಲ್ಲ.

ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ 1985ರಲ್ಲಿ ಬೆಂಗಳೂರಿಗೆ ಬಂದ ಮೇಲೆ ಅನಲಾಗ್ ಮತ್ತು ಮಿಶ್ರ ಸಿಗ್ನಲ್ ಚಿಪ್‌ಗಳ ಕೆಲಸ ಈ ನಗರದಲ್ಲಿ ಬೇರುಬಿಟ್ಟಿದೆ. ವಿದ್ಯುತ್ ಮೀಟರುಗಳನ್ನು ಪರೀಕ್ಷಿಸುವ ಕೇಂದ್ರೀಯ ವಿದ್ಯುತ್ ಸಂಶೋಧನಾ ಸಂಸ್ಥೆ ಇಲ್ಲಿದೆ, ಪೀಣ್ಯದಲ್ಲಿ ಕೇಂದ್ರ ಸರ್ಕಾರದ ಎಲೆಕ್ಟ್ರಾನಿಕ್ಸ್ ಪರೀಕ್ಷಾ ಮತ್ತು ಅಭಿವೃದ್ಧಿ ಕೇಂದ್ರವಿದೆ. ಇಷ್ಟಿದ್ದೂ, ಪದವಿ ಮುಗಿಸುವವರೆಗೆ ಕ್ಯಾಲಿಬ್ರೇಷನ್ ಪ್ರಮಾಣಪತ್ರವೊಂದನ್ನು ಕಣ್ಣಾರೆ ಕಾಣದ ಎಲೆಕ್ಟ್ರಾನಿಕ್ಸ್ ಎಂಜಿನಿಯರುಗಳು ರಾಜ್ಯದಲ್ಲಿ ಬೇಕಾದಷ್ಟು ಜನ ಸಿಗುತ್ತಾರೆ.

ಪಠ್ಯಕ್ರಮ ಸಮಿತಿಗಳಲ್ಲಿ ಕೂರುವವರೂ ಕಾಲೇಜುಗಳ ಆಡಳಿತ ಮಂಡಳಿಯವರೂ ಎರಡು ವಿಷಯಗಳನ್ನು ಗಮನಿಸಬೇಕೆಂದು ಕೋರುತ್ತೇನೆ. ಮಾಪನ ಪ್ರಯೋಗಾಲಯದ ಪಟ್ಟಿಯಲ್ಲಿ ಎಡಿಸಿ ಪರೀಕ್ಷೆಯನ್ನು ಹಲವು ವಾರಗಳ ಒಂದೇ ಪ್ರಯೋಗವಾಗಿ ಸೇರಿಸಿ, ಅದರ ಅಂಕಗಳನ್ನು ಅನಿಶ್ಚಿತತೆಯ ವಿವರಣೆಗೆ ಮೀಸಲಿಡಬೇಕು. ಹಾಗೆಯೇ ಪ್ರತಿ ಕಾಲೇಜಿನಲ್ಲಿ ಕನಿಷ್ಠ ಒಂದು ಆರೂವರೆ ಅಂಕಿಯ, ಅಂದರೆ ಬಹಳ ಸೂಕ್ಷ್ಮವಾಗಿ ಅಳೆಯುವ, ಮಲ್ಟಿಮೀಟರನ್ನು ಕೊಂಡು, ಎನ್‌ಎಬಿಎಲ್ (ಪ್ರಯೋಗಾಲಯಗಳಿಗೆ ಮಾನ್ಯತೆ ಕೊಡುವ ರಾಷ್ಟ್ರೀಯ ಮಂಡಳಿ) ಮಾನ್ಯತೆಯ ಪ್ರಯೋಗಾಲಯಕ್ಕೆ ವರ್ಷಕ್ಕೊಮ್ಮೆ ಕಳುಹಿಸಬೇಕು. ಅದರ ಪ್ರಮಾಣಪತ್ರವನ್ನು ಮುಖ್ಯಸ್ಥರ ಕಪಾಟಿನಲ್ಲಿ ಬೀಗ ಹಾಕಿಡದೆ, ವಿದ್ಯಾರ್ಥಿಗಳು ಓದಿ ತಮ್ಮ ಲೆಕ್ಕದಲ್ಲಿ ಬಳಸುವಂತೆ ಮೀಟರಿನ ಪಕ್ಕದಲ್ಲೇ ತೂಗುಹಾಕಬೇಕು.

ಇಂತಿ ತಮ್ಮ ವಿಶ್ವಾಸಿ,
ಎಲೆಕ್ಟ್ರಾನಿಕ್ಸ್ ಅಧ್ಯಾಪಕ, ಹಾಸನ